ಬೀರುವಿನಲ್ಲಿರುವ ಕಾಗದದ ಪೌಂಡ್ ನೋಟನ್ನು ಅರ್ಧ ಬೆಲೆಗೆ ಕೊಡಬೇಡಿ

ಇಂಗ್ಲೆಂಡಿನಲ್ಲಿರುವ ಮಗನ ಮನೆಗೆ ಹೋಗಿಬಂದ ಹಿರಿಯರೊಬ್ಬರ ಬಳಿ 20 ಪೌಂಡಿನ ಹದಿನೈದು ಕಾಗದದ ನೋಟುಗಳು ಉಳಿದಿದ್ದವು. ಬೆಂಗಳೂರಿನ ವಿನಿಮಯ ಅಂಗಡಿಯೊಂದರಲ್ಲಿ, "ಇವು ಬಂದ್ ಆಗಿವೆ, ಬದಲಿಸೋ ಗಡುವೂ ಮುಗೀತಾ ಬಂತು, ಅರ್ಧ ಕೊಡ್ತೀವಿ" ಎಂದರು. ಹೆದರಿ ಕೊಟ್ಟುಬಿಟ್ಟರು. 300 ಪೌಂಡ್ 150 ಆಯಿತು. ಅಂಥ ಗಡುವೇ ಇರಲಿಲ್ಲ.

ಈ ಹೆದರಿಕೆ ಎಲ್ಲಿಂದ ಬಂತೆಂದು ಹೇಳಬೇಕಿಲ್ಲ. 2016ರ ನವೆಂಬರ್ 8ರ ರಾತ್ರಿ ನಮ್ಮ 500, 1000ದ ನೋಟು ರದ್ದಾದವು. ಡಿಸೆಂಬರ್ 30ರೊಳಗೆ ಬ್ಯಾಂಕಿಗೆ ಕಟ್ಟದವರ ಹಣ ಕಾಗದವಾಯಿತು. ಬ್ರಿಟನ್ನಿನ ಪದ್ಧತಿ ಹಾಗಲ್ಲ. ಅಲ್ಲಿ ಹಳೆಯ ನೋಟು ಅಂಗಡಿಯಲ್ಲಿ ನಡೆಯುವುದಿಲ್ಲ, ಅಷ್ಟೆ. ಬ್ಯಾಂಕ್ ಆಫ್ ಇಂಗ್ಲೆಂಡ್ ತಾನು ಹೊರಡಿಸಿದ ಯಾವುದೇ ನೋಟಿಗೆ, ಎಷ್ಟೇ ವರ್ಷವಾಗಿರಲಿ, ಮುಖಬೆಲೆ ಪೂರ್ತಿ ಕೊಡುತ್ತದೆ.

ಮೊದಲು ನಿಮ್ಮ ಬಳಿ ಇರುವುದು ಯಾವುದೆಂದು ನೋಡಿಕೊಳ್ಳಿ. ಕಾಗದದ 5 ಪೌಂಡ್ 2017ರ ಮೇ 5ಕ್ಕೆ, 10 ಪೌಂಡ್ 2018ರ ಮಾರ್ಚ್ 1ಕ್ಕೆ, 20 ಮತ್ತು 50 ಪೌಂಡ್ 2022ರ ಸೆಪ್ಟೆಂಬರ್ 30ಕ್ಕೆ ಚಲಾವಣೆಯಿಂದ ಹೋದವು. ಈಗಿನವೆಲ್ಲ ಪಾಲಿಮರ್, ಅಂದರೆ ತೆಳು ಪ್ಲಾಸ್ಟಿಕ್ ಹಾಳೆ. ಗಾತ್ರ ನೋಡಿ ಗುರುತಿಸಲು ಹೋದರೆ ಮೋಸ ಹೋಗುತ್ತೀರಿ: ಕಾಗದದ 10 ಪೌಂಡ್ 142 × 75 ಮಿ.ಮೀ., ಪಾಲಿಮರ್ 20 ಪೌಂಡ್ 139 × 73 ಮಿ.ಮೀ. ಹಳೆಯ ಹತ್ತೇ ಹೊಸ ಇಪ್ಪತ್ತಕ್ಕಿಂತ ದೊಡ್ಡದು! ಬೆಳಕಿಗೆ ಹಿಡಿಯಿರಿ. ಪಾಲಿಮರ್ ನೋಟಿನಲ್ಲಿ ಆಚೆಬದಿ ಕಾಣುವ ಪಾರದರ್ಶಕ ಕಿಟಕಿ ಇರುತ್ತದೆ, ವಾಲಿಸಿದರೆ ಹೊಲೊಗ್ರಾಮಿನ ಅಕ್ಷರ ಬದಲಾಗುತ್ತದೆ. 20ರ ಮೇಲಿನ ಎಡಮೂಲೆಯಲ್ಲಿ ಬೆರಳಾಡಿಸಿದರೆ ಉಬ್ಬುಚುಕ್ಕೆಗಳ ಮೂರು ಗುಂಪು ತಾಗುತ್ತವೆ, 10ರಲ್ಲಿ ಎರಡು, 50ರಲ್ಲಿ ನಾಲ್ಕು. ರಾಣಿಯ ಚಿತ್ರವಿರುವ ಪಾಲಿಮರ್ ನೋಟು ಹಳತಲ್ಲ. 2024ರ ಜೂನ್ 5ರಂದು ಬಂದ ದೊರೆ ಚಾರ್ಲ್ಸ್ ನೋಟಿನ ಜೊತೆಗೇ ನಡೆಯುತ್ತದೆ. ಅದಕ್ಕೂ "ಹಳೇದು" ಎಂದು ಬೆಲೆ ಕಡಿಮೆ ಮಾಡಿದರೆ ಎದ್ದು ಬನ್ನಿ.

ಬದಲಿಸಲು ಸುಲಭದ ದಾರಿ, ಅಲ್ಲಿ ಬ್ಯಾಂಕ್ ಖಾತೆ ಇರುವ ಮಕ್ಕಳು ಅಥವಾ ನೆಂಟರು. ಬಹಳಷ್ಟು ಬ್ಯಾಂಕುಗಳು ತಮ್ಮ ಗ್ರಾಹಕರಿಂದ ಹಳೆಯ ನೋಟನ್ನು ಜಮೆಗೆ ತೆಗೆದುಕೊಳ್ಳುತ್ತವೆ. ಖಾತೆ ಇಲ್ಲದವರಿಗೆ ಆಯ್ದ ಕೆಲವು ಅಂಚೆ ಕಚೇರಿಗಳು ಗುರುತಿನ ಚೀಟಿ ನೋಡಿ ಎರಡು ವರ್ಷಕ್ಕೆ 300 ಪೌಂಡ್‌ವರೆಗೆ ಬದಲಿಸಿಕೊಡುತ್ತವೆ. ಆ ಹಿರಿಯರ ಮೊತ್ತ ಅಷ್ಟೇ ಇತ್ತಲ್ಲ, ಹೊಟ್ಟೆ ಉರಿಯುವುದು ಅದಕ್ಕೇ. ಇನ್ನು ಲಂಡನ್ನಿನ ತ್ರೆಡ್‌ನೀಡಲ್ ಸ್ಟ್ರೀಟಿನಲ್ಲಿರುವ ಬ್ಯಾಂಕ್ ಆಫ್ ಇಂಗ್ಲೆಂಡಿನ ಕೌಂಟರ್: ಪಾಸ್‌ಪೋರ್ಟ್ ಮತ್ತು ವಿಳಾಸದ ದಾಖಲೆ, ಎರಡರದ್ದೂ ಮೂಲಪ್ರತಿ ಒಯ್ಯಿರಿ. ಶನಿವಾರ, ಭಾನುವಾರ ತೆರೆದಿರುವುದಿಲ್ಲ. ಸರತಿ ಒಂದು ಗಂಟೆ ಮೀರಿದರೂ ಆಶ್ಚರ್ಯವಿಲ್ಲ. ಅಂಚೆಯಲ್ಲಿ ಕಳಿಸುವ ವ್ಯವಸ್ಥೆಯೂ ಉಂಟು, ಆದರೆ ದಾರಿಯಲ್ಲಿ ಕಳೆದುಹೋದರೆ ನಷ್ಟ ನಿಮ್ಮದೇ. ಇಲ್ಲಿಂದ ಲಕೋಟೆಯಲ್ಲಿ ತುಂಬಿ ಕಳಿಸಬೇಡಿ, ಹೋಗುವವರ ಕೈಯಲ್ಲಿ ಕೊಡಿ. ಅಲ್ಲಿಯವರೆಗೆ ಇಟ್ಟುಕೊಳ್ಳುವುದು ತಪ್ಪೇನಲ್ಲ. ಪ್ರವಾಸದಲ್ಲಿ ಉಳಿದ ವಿದೇಶಿ ನೋಟನ್ನು 2000 ಡಾಲರ್ ಬೆಲೆಯವರೆಗೆ ಇಟ್ಟುಕೊಳ್ಳಲು ನಮ್ಮ ನಿಯಮ ಬಿಡುತ್ತದೆ.

ಸ್ಕಾಟ್ಲೆಂಡ್, ಉತ್ತರ ಐರ್ಲೆಂಡಿನ ಬ್ಯಾಂಕುಗಳ ನೋಟಿನ ಕತೆ ಬೇರೆ. ಅವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಬದಲಿಸುವುದಿಲ್ಲ, ನಮ್ಮಲ್ಲಿನ ಅಂಗಡಿಗಳು ಮುಟ್ಟುವುದೂ ಕಷ್ಟ. ಎಡಿನ್‌ಬರೋದಲ್ಲಿ ಚಿಲ್ಲರೆಯಾಗಿ ಸಿಕ್ಕಿದ್ದನ್ನು ವಿಮಾನ ಹತ್ತುವ ಮುಂಚೆ ಅಲ್ಲೇ ಖರ್ಚುಮಾಡಿ.

ಇಲ್ಲಿ ಪೌಂಡ್ ಕೊಳ್ಳುವವರು ಕಟ್ಟಿನ ಮೇಲಿನ ನೋಟು ನೋಡಿ ಸುಮ್ಮನಾಗಬೇಡಿ, ಒಂದೊಂದನ್ನೂ ಎಣಿಸಿ. ನಡುವೆ ಕಾಗದದ್ದು ಸಿಕ್ಕರೆ ಕೌಂಟರ್ ಬಿಡುವ ಮುಂಚೆ ವಾಪಸ್ ಕೊಡಿ. ರಸೀದಿ ಇಲ್ಲದೆ ಕೊಳ್ಳಲೇಬೇಡಿ. ಪಾಲಿಮರ್ ನೋಟಿಗೆ ಸ್ಟೇಪ್ಲರ್ ಪಿನ್ ಹೊಡೆಯಬೇಡಿ. ಮಡಿಕೆ ಬಿದ್ದಿದೆ ಎಂದು ಇಸ್ತ್ರಿ ಪೆಟ್ಟಿಗೆಯಂತೂ ಇಡಲೇಬೇಡಿ, ಶಾಖಕ್ಕೆ ಮುದುಡಿ ಕುಗ್ಗುತ್ತದೆ. ಹಾಗೆ ಕೆಟ್ಟ ನೋಟಿಗೂ ಬ್ಯಾಂಕ್ ಆಫ್ ಇಂಗ್ಲೆಂಡಿನಿಂದ ಹಣ ಬರುತ್ತದೆ, ಆದರೆ ಸಾಮಾನ್ಯವಾಗಿ ಕನಿಷ್ಠ ಅರ್ಧ ನೋಟಾದರೂ ಉಳಿದಿರಬೇಕು.