ಕುಟ್ನಾ ಹೋರಾದಿಂದ ಜ್ರುಚ್‌ಗೆ: ಬಟನ್ ಒತ್ತಿದರೆ ನಿಲ್ಲುವ ರೈಲು

ಚೆಕ್ ದೇಶದ ರಾಜಧಾನಿ ಪ್ರಾಗ್‌ಗೆ ಬಂದವರಲ್ಲಿ ಎಷ್ಟೋ ಜನ ಒಂದು ದಿನ ಬಿಡುವು ಮಾಡಿಕೊಂಡು, ಹಳೇ ಬೆಳ್ಳಿ ಗಣಿಗಳ ಊರಾದ ಕುಟ್ನಾ ಹೋರಾಗೆ ಬರುತ್ತಾರೆ. ಮೂಳೆಗಳ ಚರ್ಚು ನೋಡುತ್ತಾರೆ, ಫೋಟೋಗೆ ನಿಲ್ಲುತ್ತಾರೆ, ಸಂಜೆ ವಾಪಸ್. ನಾನು ಪಕ್ಕದ ಕೊಲೀನ್‌ನಲ್ಲಿ ಮೂರು ವರ್ಷದಿಂದ ಇದ್ದೇನೆ. ನನ್ನನ್ನು ಕೇಳಿದರೆ ಈ ಸೀಮೆಯಲ್ಲಿ ನೋಡಲೇಬೇಕಾದದ್ದು ಅಲ್ಲಿಂದ ಮುಂದಕ್ಕೆ ಹೋಗುವ ಪುಟ್ಟ ಡೀಸೆಲ್ ರೈಲು. ಚೆಕ್ ಜನ ಇಂಥ ಗಾಡಿಯನ್ನು ಪ್ರೀತಿಯಿಂದ ಮೊಟೊರಾಚೆಕ್ ಅನ್ನುತ್ತಾರೆ. ಒಂದೋ ಎರಡೋ ಬೋಗಿ, ಅಷ್ಟೇ.

ಹೋದ ಬೇಸಿಗೆಯಲ್ಲಿ ಅಮ್ಮ ಬಂದಿದ್ದರು, ಮೂರು ತಿಂಗಳ ವೀಸಾದಲ್ಲಿ. ಅವರಿಗೆ 68 ವರ್ಷ, ಮಂಡಿ ನೋವು. ಪ್ರಾಗ್‌ನ ಕಲ್ಲುಹಾಸಿನ ಬೀದಿಯಲ್ಲಿ ಅರ್ಧ ದಿನ ನಡೆದದ್ದಕ್ಕೇ ಸುಸ್ತಾಗಿದ್ದರು. ಕೂತಲ್ಲೇ ಊರು ತೋರಿಸುವ ದಾರಿ ಬೇಕಿತ್ತು. ಹಾಗಾಗಿ ಈ ಗಾಡಿ ಹತ್ತಿದೆವು. 65 ದಾಟಿದವರಿಗೆ ಇಲ್ಲಿ ಅರ್ಧ ಟಿಕೆಟ್. ಕಂಡಕ್ಟರ್ ಅಮ್ಮನ ಪಾಸ್‌ಪೋರ್ಟ್‌ನಲ್ಲಿ ಹುಟ್ಟಿದ ವರ್ಷ ನೋಡಿ, ಎರಡೂ ಕೈಯಲ್ಲಿ ವಾಪಸ್ ಕೊಟ್ಟರು.

ಮೊದಲು ತಿಳಿದಿರಬೇಕಾದದ್ದು: ಕುಟ್ನಾ ಹೋರಾದ ಮುಖ್ಯ ನಿಲ್ದಾಣ ಹಳೇ ಪೇಟೆಯಿಂದ ಸುಮಾರು ಮೂರು ಕಿಲೋಮೀಟರ್ ದೂರ, ಸೆಡ್ಲೆಟ್ಸ್ ಕಡೆಗಿದೆ. ದೊಡ್ಡ ರೈಲಿನಿಂದ ಇಳಿದು ಇದೇ ಪುಟ್ಟ ಗಾಡಿ ಹತ್ತಿದರೆ ಕುಟ್ನಾ ಹೋರಾ ಮ್ಯೆಸ್ತೊ, ಅಂದರೆ ಪೇಟೆಯ ನಿಲ್ದಾಣ, ಕೆಲವೇ ನಿಮಿಷ. ಮೂಳೆಗಳ ಚರ್ಚು ನಡುವೆ ಸೆಡ್ಲೆಟ್ಸ್‌ನಲ್ಲೇ ಸಿಗುತ್ತದೆ. ಸುಮಾರು 40,000 ಜನರ ಮೂಳೆಗಳು ಅಲ್ಲಿವೆ. ಈಗ ಕಾಣುವ ಜೋಡಣೆ 1870ರಲ್ಲಿ ಫ್ರಾಂಟಿಶೆಕ್ ರಿಂಟ್ ಎಂಬ ಮರಗೆಲಸದವರು ಮಾಡಿದ್ದು. ಅಮ್ಮ ಬಾಗಿಲ ತನಕ ಬಂದು, "ನಾನು ಒಳಗೆ ಬರಲ್ಲ, ನೀನು ಹೋಗಿ ಬಾ" ಅಂದರು. ಬಲವಂತ ಮಾಡಲಿಲ್ಲ. ನಾನೂ ಹೋಗಲಿಲ್ಲ.

ಸೇಂಟ್ ಬಾರ್ಬರಾ ಚರ್ಚಿಗೆ ಮಾತ್ರ ಅವರೇ ಮುಂದೆ ನಡೆದರು. 1388ರಲ್ಲಿ ಕಟ್ಟಲು ಶುರು ಮಾಡಿ 1905ರಲ್ಲಿ ಮುಗಿಸಿದ ಚರ್ಚು ಅದು. ಬಾರ್ಬರಾ ಗಣಿ ಕೆಲಸದವರನ್ನು ಕಾಯುವ ಸಂತ ಮಹಿಳೆ. ಒಳಗೆ ಒಬ್ಬ ಗಣಿ ಕಾರ್ಮಿಕನ ಮೂರ್ತಿ ಇದೆ. ಮೈಮೇಲೆ ಬಿಳೀ ನಿಲುವಂಗಿ. ಕತ್ತಲ ಸುರಂಗದಲ್ಲಿ ಒಬ್ಬರಿಗೊಬ್ಬರು ಕಾಣಲಿ ಅಂತ ಬಿಳೀ ಬಟ್ಟೆ ಹಾಕುತ್ತಿದ್ದರಂತೆ. 1300ರಿಂದ ಇಲ್ಲಿನ ಬೆಳ್ಳಿಯಲ್ಲೇ ಪ್ರಾಗ್ ಗ್ರೋಶ್ ಎಂಬ ನಾಣ್ಯ ಟಂಕಿಸುತ್ತಿದ್ದರು, ಬೊಹೇಮಿಯಾದ, ಅಂದರೆ ಆಗಿನ ಚೆಕ್ ರಾಜ್ಯದ, ರಾಜರ ಖಜಾನೆ ತುಂಬಿಸಿದ್ದು ಈ ಬಿಳೀ ಅಂಗಿಯವರೇ. ಅಮ್ಮ ಆ ಮೂರ್ತಿಯ ಮುಂದೆ ತುಂಬಾ ಹೊತ್ತು ನಿಂತರು. "ದುಡಿದವನನ್ನೂ ದೇವರ ಮನೆಯಲ್ಲಿ ನಿಲ್ಲಿಸಿದ್ದಾರಲ್ಲ" ಅಂದರು.

ಇನ್ನು ಗಾಡಿಯ ವಿಷಯ. ಪೇಟೆಯ ನಿಲ್ದಾಣ ದಾಟಿ ಜ್ರುಚ್ ನಾಡ್ ಸಾಜವೋ ತನಕ ಒಂದು ಗಂಟೆಯ ಆಚೀಚೆ. ಜೋರಾಗಿ ಓಡುವುದಿಲ್ಲ. ಕಾಡು, ಹೊಲ, ಮನೆಗಳ ಹಿತ್ತಲು, ಮತ್ತೆ ಕಾಡು. ಹಿತ್ತಲಲ್ಲಿ ಒಣಗಲು ಹಾಕಿದ ಬಟ್ಟೆ, ಒಪ್ಪವಾಗಿ ಪೇರಿಸಿಟ್ಟ ಸೌದೆ, ಸೇಬಿನ ಮರ. ರಸ್ತೆಯಲ್ಲಿ ಕಾರಿನಲ್ಲಿ ಹೋದರೆ ಮನೆಗಳ ಮುಂಬಾಗಿಲು ಕಾಣುತ್ತದೆ, ರೈಲಿನಲ್ಲಿ ಹಿತ್ತಲು. ಹಿತ್ತಲು ನೋಡಿದರೇನೇ ಊರು ಗೊತ್ತಾಗುವುದು, ಅಲ್ವಾ?

ಸಣ್ಣ ಸ್ಟಾಪ್‌ಗಳಲ್ಲಿ ಕೆಲವು "ನಾ ಜ್ನಮೆನೀ", ಅಂದರೆ ಕೇಳಿದರೆ ಮಾತ್ರ ನಿಲ್ಲುವಂಥವು. ವೇಳಾಪಟ್ಟಿಯಲ್ಲಿ ಅವುಗಳ ಪಕ್ಕ ಇಂಟು ಗುರುತು ಇರುತ್ತದೆ. ಇಳಿಯುವವರು ಮೊದಲೇ ಬಟನ್ ಒತ್ತಬೇಕು. ಹತ್ತುವವರು ಡ್ರೈವರ್‌ಗೆ ಕಾಣುವ ಹಾಗೆ ನಿಲ್ಲಬೇಕು. ಹಿಂದೆ ಒಂದು ಸಲ ನಾನೊಬ್ಬಳೇ ಬಂದಾಗ ಇದು ಗೊತ್ತಿರಲಿಲ್ಲ. ಬ್ಯಾಗ್ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತೇ ಇದ್ದೆ, ನನ್ನ ಸ್ಟಾಪ್ ಹಿಂದೆ ಹೋಯಿತು. ಅಲ್ಲೇ ಕೂತಿದ್ದ ಅಜ್ಜಿಯೊಬ್ಬರು ಎದ್ದು ಬಂದು, ನನ್ನ ಬೆರಳು ಹಿಡಿದು ಬಟನ್ ಮೇಲೆ ಇಟ್ಟು ತೋರಿಸಿದರು. ಈ ಸಲ ಅದೇ ಪಾಠ ನಾನು ಅಮ್ಮನಿಗೆ ಮಾಡಿದೆ. ಅಮ್ಮ ಒತ್ತಿದರು, ಗಾಡಿ ನಿಂತಿತು. ಕಾಡಿನ ಮಧ್ಯೆ ಒಂದು ಬೆಂಚು, ಒಂದು ಬೋರ್ಡು. ಹತ್ತುವವರು ಯಾರೂ ಇರಲಿಲ್ಲ. ಮಗಳನ್ನು ಕರೆದುಕೊಂಡಿದ್ದ ಒಬ್ಬ ಅಪ್ಪ ಅಲ್ಲೇ ಇಳಿಯುವವರಿದ್ದರು, ಅಮ್ಮನಿಗೆ "ದ್ಯೆಕುಯಿ" ಅಂದು ಥ್ಯಾಂಕ್ಸ್ ಹೇಳಿ ಇಳಿದರು.

ದಾರಿಯಲ್ಲಿ ಮಲೆಶೋವ್ ಬರುತ್ತದೆ. 1424ರ ಜೂನ್‌ನಲ್ಲಿ ಯಾನ್ ಝಿಶ್ಕಾ ಎಂಬ ಚೆಕ್ ಸೇನಾಪತಿ ಇಲ್ಲಿ ಯುದ್ಧ ಗೆದ್ದ. ಆಗ ಅವನಿಗೆ ಎರಡೂ ಕಣ್ಣು ಹೋಗಿತ್ತು. ಕಲ್ಲು ತುಂಬಿದ ಬಂಡಿಗಳನ್ನು ಇಳಿಜಾರಿನಲ್ಲಿ ಶತ್ರುಗಳ ಮೇಲೆ ಉರುಳಿಸಿದರು ಅನ್ನುತ್ತಾರೆ. ಈಗ ಕಿಟಕಿಯಿಂದ ಕಾಣುವುದು ಹುಲ್ಲು ಮಾತ್ರ. ಮುಂದೆ ಜ್ಬ್ರಾಸ್ಲವಿತ್ಸೆ. ಅಲ್ಲೊಂದು ಪುಟ್ಟ ಏರ್‌ಫೀಲ್ಡ್ ಇದೆ. ಇಂಜಿನ್ ಇಲ್ಲದ ಗ್ಲೈಡರ್ ಹಾರಿಸಲು ಜನ ಬರುತ್ತಾರೆ.

ಜ್ರುಚ್‌ನಲ್ಲಿ ಇಳಿದಾಗ ಅಮ್ಮನಿಗೆ ಹೇಳಿದೆ, ಇದು ಬಾಟಾದವರು ಬೆಳೆಸಿದ ಊರು ಅಂತ. ಅಮ್ಮ ನಂಬಲಿಲ್ಲ. ನಮಗೆಲ್ಲ ಶಾಲೆಗೆ ಕೊಡಿಸಿದ ಶೂ ಅದೇ ತಾನೆ, ಅದು ನಮ್ಮ ದೇಶದ ಕಂಪನಿ ಅಂದುಕೊಂಡಿದ್ದರು. ಬಾಟಾ ಶುರುವಾದದ್ದು 1894ರಲ್ಲಿ, ಇದೇ ದೇಶದ ಜ್ಲೀನ್‌ನಲ್ಲಿ. ಜ್ರುಚ್‌ನ ಕಾರ್ಖಾನೆ 1939ರದ್ದು. ಕೆಲಸಗಾರರಿಗೆ ಕಟ್ಟಿದ ಇಟ್ಟಿಗೆ ಮನೆಗಳಲ್ಲಿ ಈಗಲೂ ಜನ ಇದ್ದಾರೆ. ಜ್ರುಚ್‌ನ ಅರಮನೆ ನೋಡುವುದಕ್ಕಿಂತ ಆ ಮನೆಗಳ ಸಾಲಿನಲ್ಲಿ ಒಂದು ಸುತ್ತು ಹಾಕಿದ್ದೇ ನಮಗೆ ಜಾಸ್ತಿ ಹಿಡಿಸಿತು.

ಕೊರತೆ ಇಲ್ಲ ಅಂತಲ್ಲ. ಪೇಟೆಯ ತನಕ ಗಾಡಿಗಳು ಬೇಕಾದಷ್ಟಿವೆ, ಜ್ರುಚ್ ತನಕ ಹೋಗುವುದು ಕೆಲವೇ. ವಾಪಸ್ ಗಾಡಿಯ ಸಮಯ ಬರೆದಿಟ್ಟುಕೊಂಡೇ ಹೊರಡಿ. ಒಂದೇ ದಿನಕ್ಕೆ ಕಚಿನಾ ಅರಮನೆಯನ್ನೂ ಸೇರಿಸಿಕೊಳ್ಳಲು ಹೋಗಬೇಡಿ, ಅದು ಬೇರೆ ದಿಕ್ಕು. 1806ರಿಂದ 1824ರವರೆಗೆ ಕಟ್ಟಿದ ಅರಮನೆ, ಒಳಗೆ ಹಳ್ಳಿ ಬದುಕಿನ ಮ್ಯೂಸಿಯಂ ಇದೆ. ನಿಜಕ್ಕೂ ಚೆನ್ನಾಗಿದೆ. ಆದರೆ ಇನ್ನೊಂದು ಭಾನುವಾರ ಆ ಕಡೆ ಹೋಗಿ ಬರುವಾಗ ನಾವು ನಂಬಿದ್ದ ಬಸ್ಸು ಬರಲೇ ಇಲ್ಲ. ಬಿಸಿಲಲ್ಲಿ ಅಮ್ಮ ಒಂದೂವರೆ ಗಂಟೆ ಕಾದರು. ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ವಾರದ ದಿನ ಹೋಗುವುದೇ ಒಳ್ಳೇದು.

ಕುಟ್ನಾ ಹೋರಾ ಒಂದು ಒಕ್ರೆಸ್, ಅಂದರೆ ನಮ್ಮ ತಾಲ್ಲೂಕಿನ ಥರ. ಅದರಲ್ಲಿ 80ಕ್ಕೂ ಹೆಚ್ಚು ಊರುಗಳಿವೆ. ಒಕ್ರೆಸ್ ಕಚೇರಿಗಳನ್ನು 2002ರ ಕೊನೆಗೇ ಮುಚ್ಚಿದರು. ಜನ ಮಾತ್ರ ಈಗಲೂ ಆ ಹೆಸರು ಬಿಟ್ಟಿಲ್ಲ. ಯಾವ ಒಕ್ರೆಸ್ ಅಂತಲೇ ಕೇಳುತ್ತಾರೆ. ಆ ಊರುಗಳಲ್ಲಿ ಎಷ್ಟನ್ನೋ ನಾನು ನೋಡಿಲ್ಲ. ಚಾಸ್ಲಾವ್‌ಗೆ ಹೋಗಬೇಕು, ಝಿಶ್ಕಾನದು ಎನ್ನುವ ತಲೆಬುರುಡೆಯ ತುಂಡು 1910ರಲ್ಲಿ ಸಿಕ್ಕಿದ್ದು ಅಲ್ಲಿನ ಚರ್ಚಿನಲ್ಲಿ. ಝೆಹುಷಿತ್ಸೆಯ ಬಿಳೀ ಜಿಂಕೆಗಳನ್ನು ನೋಡುವುದೂ ಬಾಕಿ ಇದೆ.

ಐದಕ್ಕೆ ಐದು ಕೊಡುತ್ತೇನೆ. ಅಮ್ಮ ಊರಿಗೆ ಹೊರಡುವ ಹಿಂದಿನ ದಿನ ಸೂಟ್‌ಕೇಸ್ ತೂಕ ನೋಡುತ್ತಾ ಕೂತಿದ್ದೆವು. ಏನಾದರೂ ತಗೋಬೇಕಾ, ಪ್ರಾಗ್‌ಗೆ ಹೋಗಿ ಬರೋಣವಾ ಅಂತ ಕೇಳಿದೆ. "ಪ್ರಾಗ್ ಬೇಡ. ಆ ಬಟನ್ ಗಾಡೀಲಿ ಇನ್ನೊಂದ್ಸಲ ಕರ್ಕೊಂಡು ಹೋಗ್ತೀಯೇನೇ?" ಅಂದರು. ಮಧ್ಯಾಹ್ನದ ಗಾಡಿಗೆ ಹೊರಟೆವು.