ಗಾಜಿನ ಮುಚ್ಚಳದ ‘ಕೊಹಿಬಾ’: ಹುಬ್ಬಳ್ಳಿಯಲ್ಲಿ ಸಿಗಾರ್ ಕೊಳ್ಳುವ ಮುಂಚೆ ಇಷ್ಟು ನೋಡಿಕೊಳ್ಳಿ

ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ‘ಕೊಹಿಬಾ ಎಸ್ಪ್ಲೆಂಡಿಡೋಸ್’ (ಕ್ಯೂಬಾದ ದುಬಾರಿ ಸಿಗಾರ್ ಬ್ರ್ಯಾಂಡ್ ಕೊಹಿಬಾದ ಒಂದು ಬಗೆ) ಅಂತ ಹೇಳಿ 25 ಸಿಗಾರಿನ ಪೆಟ್ಟಿಗೆಯೊಂದನ್ನು 14,000 ರೂಪಾಯಿಗೆ ಮಾರಿದ್ದಾರೆ. ಕೊಂಡವರು ಪರಿಚಯದವರು, ತಂದದ್ದು ಮದುವೆ ಪಾರ್ಟಿಗೆ. ಹಚ್ಚಿದವೆಲ್ಲ ಗಂಟಲು ಸುಟ್ಟವು, ಅರ್ಧಕ್ಕೇ ಆರಿದವು, ಕೆಲವದರ ಹೊರ ಎಲೆ ಕೈಯಲ್ಲೇ ಬಿಚ್ಚಿಕೊಂಡು ಬಂತು. ಉಳಿದದ್ದರಲ್ಲಿ ಒಂದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡಿದ ಮೇಲೆ ಅನುಮಾನಪಡಲು ಏನೂ ಉಳಿಯಲಿಲ್ಲ. ಅಂಗಡಿ ಹೆಸರು ಬರೆಯುತ್ತಿಲ್ಲ. ಇಂಥದೇ ಪೆಟ್ಟಿಗೆ ನಾಳೆ ಬೇರೆ ಕೌಂಟರಿನ ಮೇಲೂ ಕೂತಿರಬಹುದು, ಹಾಗಾಗಿ ಗುರುತು ಹಿಡಿಯುವುದು ಹೇಗೆ ಅನ್ನುವುದೇ ಹೆಚ್ಚು ಉಪಯೋಗ.

ಮೊದಲು ರೇಟು. 14,000ಕ್ಕೆ 25 ಅಂದರೆ ಒಂದಕ್ಕೆ 560 ರೂಪಾಯಿ. 2022ರಲ್ಲಿ ಕೊಹಿಬಾ ಬೆಲೆಯನ್ನು ಜಗತ್ತಿನಾದ್ಯಂತ ಏರಿಸಿದ ಮೇಲೆ ಅಸಲಿ ಎಸ್ಪ್ಲೆಂಡಿಡೋಸ್ ಒಂದಕ್ಕೇ ಹಲವು ಸಾವಿರ ಬೀಳುತ್ತದೆ. “ದುಬೈದಿಂದ ಬಂದೈತ್ರಿ ಸರ, ಡ್ಯೂಟಿ ಕಟ್ಟಿಲ್ಲ, ಅದಕ್ಕ ಸೋವಿ” ಅನ್ನುವ ಮಾತು ಲೆಕ್ಕಕ್ಕೆ ಕೂರುವುದಿಲ್ಲ. ಡ್ಯೂಟಿ ಪೂರ್ತಿ ಕಳೆದರೂ ಆ ದರಕ್ಕೆ ಇಳಿಯುವುದಿಲ್ಲ.

ಎರಡನೆಯದು ಮುಚ್ಚಳ. ಈ ಪೆಟ್ಟಿಗೆಗೆ ಗಾಜಿನ ಮುಚ್ಚಳವಿತ್ತು, ಒಳಗಿನ ಸಿಗಾರಿಗೆ ಸುತ್ತಿದ ಕಾಗದದ ಬ್ಯಾಂಡುಗಳು ಮೇಲಿಂದಲೇ ಫಳಫಳ ಕಾಣುತ್ತಿದ್ದವು. ಕೊಹಿಬಾ ಗಾಜಿನ ಅಥವಾ ಪ್ಲಾಸ್ಟಿಕ್ ಮುಚ್ಚಳದ ಪೆಟ್ಟಿಗೆಯಲ್ಲಿ ಬರುವುದೇ ಇಲ್ಲ. ಕ್ಯೂಬಾ, ಮೆಕ್ಸಿಕೋ ಕಡಲತೀರದಲ್ಲಿ ಪ್ರವಾಸಿಗರಿಗೆ ಮಾರುವ ನಕಲಿಯ ಹಳೇ ಗುರುತು ಇದು. ಗಾಜು ಕಂಡಿತೋ, ಅಲ್ಲಿಗೆ ಪರೀಕ್ಷೆ ಮುಗಿಯಿತು. ಮುಂದಿನದನ್ನು ಓದುವುದು ಮರದ ಮುಚ್ಚಳದ ಪೆಟ್ಟಿಗೆ ಎದುರಿಗಿದ್ದರೆ ಮಾತ್ರ.

ಪೆಟ್ಟಿಗೆಯನ್ನು ಮಗುಚಿ ತಳ ನೋಡಿ. ಕ್ಯೂಬಾದ ಪೆಟ್ಟಿಗೆಯ ತಳದಲ್ಲಿ ‘ಹಬಾನೋಸ್ ಎಸ್.ಎ.’ (ಕ್ಯೂಬಾದ ಸಿಗಾರ್ ಮಾರುವ ಕಂಪನಿ), ‘ಹೆಚೋ ಎನ್ ಕ್ಯೂಬಾ’ (ಕ್ಯೂಬಾದಲ್ಲಿ ಮಾಡಿದ್ದು), ‘ತೋತಾಲ್ಮೆಂತೆ ಎ ಮಾನೋ’ ಅನ್ನುವ ಮುದ್ರೆಯನ್ನು ಮರಕ್ಕೆ ಸುಟ್ಟು ಒತ್ತಿರುತ್ತಾರೆ, ಬೆರಳಾಡಿಸಿದರೆ ತಗ್ಗು ಸಿಗುತ್ತದೆ. ಕೊನೆಯದರ ಅರ್ಥ ‘ಪೂರ್ತಿ ಕೈಯಿಂದ ಮಾಡಿದ್ದು’. ಅದು ಸೇರಿದ್ದು 1989ರಲ್ಲಿ. ಪಕ್ಕದಲ್ಲಿ ಕಾರ್ಖಾನೆಯ ಅಕ್ಷರ ಸಂಕೇತ, ಪ್ಯಾಕ್ ಆದ ತಿಂಗಳು, ವರ್ಷ ಇರಬೇಕು. ತಿಂಗಳ ಹೆಸರು ಸ್ಪ್ಯಾನಿಷಿನದು: ಜನವರಿಗೆ ‘ಎನೆ’, ಏಪ್ರಿಲಿಗೆ ‘ಅಬ್ರ್’, ಆಗಸ್ಟಿಗೆ ‘ಆಗೋ’. ನಮ್ಮ ಕೈಗೆ ಬಂದದ್ದರ ತಳದಲ್ಲಿ ಬಣ್ಣದ ಸ್ಟಿಕರ್ ಇತ್ತು, ತಿಂಗಳು ಇಂಗ್ಲಿಷಿನಲ್ಲಿತ್ತು. ಮುಂಭಾಗದ ಎಡಕ್ಕೆ ಹಸಿರು ಬಿಳಿ ಗ್ಯಾರಂಟಿ ಚೀಟಿ ಇರುತ್ತದೆ. 2010ರಿಂದ ಅದರಲ್ಲಿ ಹೊಲೊಗ್ರಾಮ್, ಬಾರ್‌ಕೋಡ್ ಸೇರಿವೆ, ನಂಬರನ್ನು ಹಬಾನೋಸ್ ಜಾಲತಾಣದಲ್ಲಿ ಹಾಕಿ ನೋಡಬಹುದು. ಆದರೆ ‘ಅಸಲಿ’ ಅಂತ ಉತ್ತರ ಬಂದರೂ ಪೂರ್ತಿ ನಂಬಬೇಡಿ. ಒಂದು ನಿಜವಾದ ನಂಬರನ್ನೇ ನೂರು ಪೆಟ್ಟಿಗೆಗೆ ಅಚ್ಚು ಹಾಕಿ ಅಂಟಿಸಲು ಅಡ್ಡಿಯೇನೂ ಇಲ್ಲ.

ಮುಚ್ಚಳ ತೆಗೆದಾಗ ಬಣ್ಣ ಗಮನಿಸಿ. ಕಾರ್ಖಾನೆಯಲ್ಲಿ ಹೊರ ಎಲೆಯ ಬಣ್ಣ ವಿಂಗಡಿಸಿ, ಸ್ವಲ್ಪ ಗಾಢವಾದದ್ದನ್ನು ಎಡಕ್ಕೆ, ತಿಳಿಯಾದದ್ದನ್ನು ಬಲಕ್ಕೆ ಜೋಡಿಸುತ್ತಾರೆ, ಪಕ್ಕಪಕ್ಕದ ಎರಡರ ನಡುವೆ ವ್ಯತ್ಯಾಸವೇ ಕಾಣದಷ್ಟು. ಇಲ್ಲಿ ಒಂದು ಕಪ್ಪು, ಪಕ್ಕದ್ದು ಹಳದಿ. ಬ್ಯಾಂಡುಗಳೂ ಒಂದಕ್ಕೊಂದು ಹೊಂದುತ್ತಿರಲಿಲ್ಲ. ಕಪ್ಪು ಭಾಗದ ಬಿಳಿ ಚೌಕಗಳ ಸಾಲು ಒಂದರಲ್ಲಿ ಅಂಚಿಗೆ ಅರ್ಧ ಕತ್ತರಿಸಿತ್ತು, ಇನ್ನೊಂದರಲ್ಲಿ ಸೊಟ್ಟಗೆ ಏರಿತ್ತು. ಅಳತೆಯನ್ನೂ ಹಿಡಿಯಿರಿ: ಎಸ್ಪ್ಲೆಂಡಿಡೋಸ್ 178 ಮಿ.ಮೀ. ಉದ್ದ, 47 ರಿಂಗ್ ಗೇಜ್. ಒಂದು ರಿಂಗ್ ಅಂದರೆ ಇಂಚಿನ 64ನೇ ಒಂದು ಭಾಗ, ಹಾಗಾಗಿ ದಪ್ಪ ಸುಮಾರು 18.6 ಮಿ.ಮೀ. ಆಗಬೇಕು. ಕೈಕೆಲಸದಲ್ಲಿ ಕೂದಲೆಳೆ ಹೆಚ್ಚು ಕಡಿಮೆ ನಡೆಯುತ್ತದೆ, ಅರ್ಧ ಸೆಂಟಿಮೀಟರ್ ನಡೆಯುವುದಿಲ್ಲ.

ಇನ್ನು ಸಿಗಾರಿನ ಮೈ. ಕೊಹಿಬಾ ಅಲ್ಲದ ಡೊಮಿನಿಕನ್, ನಿಕರಾಗುವಾ ಸಿಗಾರ್ ಕೊಳ್ಳುವವರಿಗೂ ಮುಖ್ಯವಾದದ್ದು ಇದೇ, ಏಕೆಂದರೆ ಪೆಟ್ಟಿಗೆಯನ್ನು ಎಷ್ಟು ಬೇಕಾದರೂ ಚೆನ್ನಾಗಿ ನಕಲು ಮಾಡಬಹುದು, ಒಳಗಿನ ಎಲೆಯನ್ನು ಆಗುವುದಿಲ್ಲ. ಒಳ್ಳೆಯ ಸಿಗಾರಿನಲ್ಲಿ ಮೂರು ಪದರ: ಒಳಗೆ ಉದ್ದುದ್ದ ಎಲೆಗಳ ಫಿಲ್ಲರ್, ಅದನ್ನು ಬಿಗಿದು ಹಿಡಿಯುವ ಬೈಂಡರ್, ಮೇಲೆ ನುಣುಪಾದ ರ‍್ಯಾಪರ್. ಫಿಲ್ಲರಿನಲ್ಲೇ ಮೂರು ಬಗೆ. ಗಿಡದ ಕೆಳಗಿನ ‘ವೊಲಾಡೋ’ ಸಲೀಸಾಗಿ ಉರಿಯುತ್ತದೆ, ನಡುವಿನ ‘ಸೆಕೋ’ ಪರಿಮಳ ಕೊಡುತ್ತದೆ, ತುದಿಯ ‘ಲಿಗೆರೋ’ ಖಡಕ್ಕು, ನಿಧಾನ ಉರಿಯುವುದು, ಅದಕ್ಕೇ ಅದನ್ನು ನಟ್ಟನಡುವೆ ಇಡುತ್ತಾರೆ. ಈ ಎಲೆಗಳು ಬುಡದಿಂದ (ಹಚ್ಚುವ ತುದಿ) ತಲೆಯವರೆಗೆ (ಬಾಯಿಗಿಡುವ ತುದಿ) ಅಖಂಡವಾಗಿ ಹೋಗಬೇಕು. ಹಚ್ಚುವ ಕಡೆಯನ್ನು ಬೆಳಕಿಗೆ ಹಿಡಿದರೆ ಮಡಿಕೆ ಮಡಿಕೆಯಾಗಿ ಎಲೆಯ ಅಂಚು ಕಾಣಬೇಕು. ನಾವು ಸೀಳಿದ್ದರಲ್ಲಿ ಕಂಡದ್ದು ಚಹಾ ಪುಡಿಯಂಥ ಚೂರು, ನಡುವೆ ಬೆಂಕಿಕಡ್ಡಿ ದಪ್ಪದ ದಂಟು. ಗಾಳಿ ಆಡಲು ದಾರಿ ಇಲ್ಲದ ಕಡೆ ಸಿಗಾರ್ ಆರುತ್ತದೆ, ದಂಟು ಉರಿದಾಗ ಕಹಿ ಬರುತ್ತದೆ, ಚೂರು ಬೇಗ ಉರಿದು ಹೊಗೆ ಬಿಸಿಯಾಗುತ್ತದೆ. ಮದುವೆ ಮನೆಯ ಗಂಟಲುರಿಗೆ ಕಾರಣ ಅಷ್ಟೇ, “ಸ್ಟ್ರಾಂಗ್ ಮಾಲು” ಅಲ್ಲ.

ಸೀಳದೆಯೇ ತಿಳಿಯಬೇಕೆಂದರೆ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಬುಡದಿಂದ ತಲೆವರೆಗೆ ಮೆಲ್ಲಗೆ ಒತ್ತುತ್ತ ಹೋಗಿ. ಒತ್ತಿದಲ್ಲಿ ತಗ್ಗಿ ಮತ್ತೆ ಮೇಲೇಳಬೇಕು. ಮೆತ್ತಗೆ ಕುಸಿದರೆ ಒಳಗೆ ಎಲೆ ಕಡಿಮೆ, ಅಲ್ಲಿ ಬಿಸಿಯಾಗಿ ಉರಿಯುತ್ತದೆ. ಗಂಟು ಸಿಕ್ಕರೆ ಅಲ್ಲಿ ಹೊಗೆ ಕಟ್ಟಿಕೊಳ್ಳುತ್ತದೆ. ತಲೆಯನ್ನು ಮುಚ್ಚುವ ಎಲೆ ತುಂಡಿನಲ್ಲಿ, ಅಂದರೆ ಟೋಪಿಯಲ್ಲಿ, ಕ್ಯೂಬಾದ ಕೆಲಸವಾದರೆ ಮೂರು ಸುತ್ತಿನ ಸಣ್ಣ ಗೆರೆ ಇರುತ್ತದೆ. ಕತ್ತರಿಸುವಾಗ ಮೇಲಿಂದ ಒಂದೂವರೆಯಿಂದ ಎರಡು ಮಿ.ಮೀ. ಸಾಕು. ಟೋಪಿಯ ಗೆರೆ ದಾಟಿ ಕೆಳಗೆ ಕತ್ತರಿಸಿದರೆ ಅಸಲಿ ಸಿಗಾರೂ ಬಿಚ್ಚಿಕೊಳ್ಳುತ್ತದೆ, ಅದರ ತಪ್ಪು ಅಂಗಡಿಯವನ ಮೇಲೆ ಹಾಕಬೇಡಿ.

ಹಚ್ಚುವ ಮುಂಚೆ ಬರೀ ಗಾಳಿ ಎಳೆದು ನೋಡುವುದನ್ನು ನಮ್ಮಲ್ಲಿ ಹೆಚ್ಚಿನವರು ಮಾಡುವುದೇ ಇಲ್ಲ. ಸ್ವಲ್ಪ ತಡೆ ಇರಬೇಕು, ಕೆನ್ನೆ ಒಳಗೆ ಹೋಗುವಷ್ಟಲ್ಲ. ಬಾಯಿಗೆ ಒಣಹುಲ್ಲು, ಸೀಡರ್ ಮರ, ತುಸು ಸಿಹಿ ಬಂದರೆ ಸರಿ. ಮೂಗಿಗೆ ಚುರುಕ್ಕೆನ್ನುವ ಅಮೋನಿಯಾ ಬಂದರೆ ಎಲೆ ಸರಿಯಾಗಿ ಹುದುಗಿಲ್ಲ. ಅತ್ತರಿನ ಇಲ್ಲವೇ ಗೋಂದಿನ ವಾಸನೆ ಬಂದರೆ ಆ ಅಮೋನಿಯಾವನ್ನು ಮುಚ್ಚಿಟ್ಟಿದ್ದಾರೆ, ಹಚ್ಚಲೇಬೇಡಿ.

ಬ್ಯೂಟೇನ್ ಲೈಟರ್ ಒಳ್ಳೆಯದು, ಪೆಟ್ರೋಲ್ ಲೈಟರ್ ವಾಸನೆ ಬಿಡುತ್ತದೆ, ಬೆಂಕಿಕಡ್ಡಿಯಾದರೆ ತಲೆಯ ಮದ್ದು ಪೂರ್ತಿ ಉರಿಯುವವರೆಗೆ ತಡೆಯಿರಿ. ಜ್ವಾಲೆ ತಾಕಿಸದೆ ತಿರುಗಿಸುತ್ತ ಬುಡದ ಅಂಚನ್ನು ಕಾಯಿಸಿ ಆಮೇಲೆ ಎಳೆಯಬೇಕು. ನಿಮಿಷಕ್ಕೊಂದು ಎಳೆತ, ಹೊಗೆ ಬಾಯಲ್ಲಷ್ಟೇ, ಎದೆಗಲ್ಲ. ಎದೆಗೆ ಎಳೆಯದಿದ್ದರೂ ನಿಕೋಟಿನ್ ಬಾಯಿಯ ಒಳಪದರದಿಂದಲೇ ರಕ್ತಕ್ಕೆ ಸೇರುತ್ತದೆ, ಬಾಯಿ, ಗಂಟಲ ಕ್ಯಾನ್ಸರಿನ ಅಪಾಯ ಹೋಗುವುದಿಲ್ಲ. ದುಬಾರಿ ಎಲೆಗೂ ಇದರಿಂದ ವಿನಾಯಿತಿ ಇಲ್ಲ. ಬೂದಿ ಬೆಳ್ಳಗಿದ್ದರೆ ಅಸಲಿ ಅಂತ ಹೇಳುವವರ ಮಾತು ಬಿಡಿ, ಬೂದಿಯ ಬಣ್ಣ ಹೊಲದ ಮಣ್ಣಿನ ಖನಿಜದ ಮೇಲಿದೆ. ನೋಡಬೇಕಾದ್ದು ಗಟ್ಟಿತನ: ಉದ್ದ ಎಲೆಯದಾದರೆ ಒಂದು ಇಂಚಿನವರೆಗೆ ಬೂದಿ ನಿಲ್ಲುತ್ತದೆ, ಚೂರಿನದು ಎಳೆದ ಕೂಡಲೇ ಅಂಗಿ ಮೇಲೆ ಉದುರುತ್ತದೆ.

ದೂರು ಹೇಳಲು ಹೋದರೆ ಅಂಗಡಿಯವ ಹೇಳಿದ್ದು, “ನೀವು ಸರಿಯಾಗಿ ಇಟ್ಟಿಲ್ರೀ ಸರ, ನಮ್ಮ ಹವಾಕ್ಕ ಹಿಂಗಾಗ್ತೈತಿ”. ಈ ಮಾತಿನಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಕೇಳಿದವರು ಸುಮ್ಮನಾಗುತ್ತಾರೆ. ಸಿಗಾರಿಗೆ ಬೇಕಾದ್ದು 65ರಿಂದ 70 ಶೇಕಡಾ ತೇವ, 18ರಿಂದ 21 ಡಿಗ್ರಿ. ಹುಬ್ಬಳ್ಳಿ ಧಾರವಾಡದ ಏಪ್ರಿಲ್ ಮಧ್ಯಾಹ್ನ ಹೊರ ಎಲೆಯನ್ನು ಒಡೆಸುತ್ತದೆ, ಜುಲೈ ಜಿಟಿಜಿಟಿ ಬೂಸು ತರಿಸುತ್ತದೆ. ಎ.ಸಿ. ಶೋರೂಮಿನ ಗಾಜಿನ ಕಪಾಟೂ ಒಣಗಿಸುವುದೇ, ಫ್ರಿಜ್ಜೂ ಅಷ್ಟೇ. ಆದರೆ ಹವೆ ಎಲೆಯನ್ನು ಒಣಗಿಸಬಹುದು, ಉದ್ದ ಎಲೆಯನ್ನು ಚೂರು ಮಾಡುವುದಿಲ್ಲ, ತಿಂಗಳ ಹೆಸರನ್ನು ಇಂಗ್ಲಿಷಿಗೆ ತಿರುಗಿಸುವುದಿಲ್ಲ. ಇಡುವುದಕ್ಕೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ 65 ಅಥವಾ 69 ಶೇಕಡಾ ತೇವ ಕಾಯುವ ಬೊವೆಡಾ ಪೊಟ್ಟಣ ಸಾಕು, ಸಾವಿರಾರು ರೂಪಾಯಿಯ ಹ್ಯೂಮಿಡಾರ್ (ತೇವ ಕಾಯುವ ಸಿಗಾರ್ ಪೆಟ್ಟಿಗೆ) ಬೇಕಿಲ್ಲ.

ಕಾನೂನಿನ ಕಡೆಯದು. ಭಾರತದಲ್ಲಿ ಮಾರಾಟಕ್ಕಿಟ್ಟ ಸಿಗಾರ್ ಪೆಟ್ಟಿಗೆಯ ಮೇಲೆ 85 ಶೇಕಡಾ ಜಾಗದಲ್ಲಿ ಚಿತ್ರದ ಎಚ್ಚರಿಕೆ ಇರಲೇಬೇಕು. ಅದಿಲ್ಲದ್ದು ಸರಿಯಾದ ದಾರಿಯಲ್ಲಿ ಅಂಗಡಿಗೆ ಬಂದದ್ದಲ್ಲ. ವಿದೇಶದಿಂದ ಬರುವವರು ತರಬಹುದಾದ 25 ಸಿಗಾರಿನ ರಿಯಾಯಿತಿ ಸ್ವಂತ ಬಳಕೆಗೆ, ಕೌಂಟರಿಗಲ್ಲ. ಪಕ್ಕಾ ಜಿ.ಎಸ್.ಟಿ. ಬಿಲ್ಲಿನಲ್ಲಿ ಸಿಗಾರಿನ ಪೂರ್ತಿ ಹೆಸರು ಬರೆಸಿಕೊಳ್ಳಿ. ‘ಗಿಫ್ಟ್ ಐಟಂ’ ಅಂತ ಬರೆದುಕೊಟ್ಟರೆ ಮುಂದೆ ಏನೂ ಮಾಡಲು ಬರುವುದಿಲ್ಲ. ಬಿಲ್ಲು, ಯು.ಪಿ.ಐ. ದಾಖಲೆ, ತಳದ ಫೋಟೊ ಇದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು, ಧಾರವಾಡದ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗಬಹುದು.

ಈಗಾಗಲೇ ಇಂಥ ಪೆಟ್ಟಿಗೆ ತಂದಿಟ್ಟುಕೊಂಡವರು ಅದನ್ನು ಬೇರೆ ಸಿಗಾರಿನ ಜೊತೆ ಇಡಬೇಡಿ. ತಂಬಾಕಿನ ಜೀರುಂಡೆಯ ಮೊಟ್ಟೆ ಎಲೆಯೊಳಗಿದ್ದರೆ 24-25 ಡಿಗ್ರಿ ದಾಟುತ್ತಲೇ ಒಡೆಯುತ್ತದೆ, ನಮ್ಮ ಮನೆಗಳಲ್ಲಿ ಅದು ವರ್ಷದ ಬಹುಪಾಲು ಇರುವ ಬಿಸಿ. ಮೈಮೇಲೆ ಗುಂಡುಸೂಜಿ ಚುಚ್ಚಿದಂಥ ತೂತು, ಕೆಳಗೆ ಸಣ್ಣ ಪುಡಿ ಕಂಡರೆ ಆ ಪೆಟ್ಟಿಗೆಯನ್ನು ಮನೆಯಿಂದ ಹೊರಗೆ ಹಾಕಿ. ಜೊತೆಗಿದ್ದ ಒಳ್ಳೆಯವನ್ನು ಜಿಪ್ ಚೀಲದಲ್ಲಿ ಗಾಳಿ ತೆಗೆದು ಕಟ್ಟಿ, ಒಂದು ದಿನ ಫ್ರಿಜ್ಜು, ಮೂರು ದಿನ ಮೈನಸ್ 20ರ ಫ್ರೀಜರ್, ಮತ್ತೆ ಒಂದು ದಿನ ಫ್ರಿಜ್ಜು, ಆಮೇಲೆ ಹೊರಗೆ. ನೇರ ಫ್ರೀಜರಿಗೆ ಹಾಕಿದರೆ ಹೊರ ಎಲೆ ಸೀಳುತ್ತದೆ.