ಎರೆ ಮಣ್ಣಿಗೆ ಯಾವ ಅಂಟು? ಒಂದು ಬೇಸಿಗೆ, ಒಂದು ಮಳೆಗಾಲ ನೋಡಿದ್ದು

ಎರಡು ವರ್ಷದ ಹಿಂದೆ ಧಾರವಾಡದಲ್ಲಿ ನಾವು ನಾಲ್ಕು ಜನ ಗೆಳತಿಯರು ಸೇರಿ ಚಿತ್ರ ಪ್ರದರ್ಶನ ಇಟ್ಟಿದ್ದೆವು. ಮೂರನೇ ದಿನ ಬೆಳಿಗ್ಗೆ ಬಾಗಿಲು ತೆಗೆದಾಗ ನನ್ನ ಚಿತ್ರದ ಕೆಳಗೆ, ನೆಲದ ಮೇಲೆ, ಕರಿ ಪುಡಿ ಬಿದ್ದಿತ್ತು. ಅದು ನವಲಗುಂದದ ಹೊಲದಿಂದ ತಂದ ಎರೆ ಮಣ್ಣು. ಕ್ಯಾನ್ವಾಸಿನ ಮೇಲೆ ದಪ್ಪಗೆ ಹಚ್ಚಿ, ಹಸಿ ಇದ್ದಾಗಲೇ ಅದರಲ್ಲಿ ಕೂರಿಗೆಯ ಸಾಲುಗಳನ್ನು ಗೀರಿದ್ದೆ. ಆ ಸಾಲುಗಳ ಬಲಭಾಗವೆಲ್ಲ ಚಿಪ್ಪು ಚಿಪ್ಪಾಗಿ ಏಳುತ್ತಿತ್ತು. ಹಿಂದಿನ ದಿನವೇ ಒಬ್ಬರು ಆ ಚಿತ್ರ ಬೇಕು ಎಂದು ಕೇಳಿದ್ದರು. ಕೊಡಲು ಆಗುವುದಿಲ್ಲ ಎಂದು ನಾನೇ ಫೋನ್ ಮಾಡಿ ಹೇಳಿದೆ. ಆ ಫೋನ್ ಮಾಡುವುದು ಸುಲಭ ಇರಲಿಲ್ಲ.

ಮಣ್ಣು ಬಿಟ್ಟು ಬೇರೆ ಬಣ್ಣಕ್ಕೆ ಹೋಗಬಹುದಿತ್ತು. ಅಂಗಡಿಯಲ್ಲಿ ಕಪ್ಪು ಅಕ್ರಿಲಿಕ್ ಬೇಕಾದಷ್ಟು ಸಿಗುತ್ತದೆ. ಆದರೆ ನಾನು ಮಾಡುತ್ತಿರುವುದು ಹೊಲದ ಚಿತ್ರ. ಆ ಹೊಲದ ಮಣ್ಣೇ ಅದರಲ್ಲಿ ಇರಬೇಕು ಅಂತ ನನಗೆ ಆಸೆ. ಹಾಗಾಗಿ ಕಳೆದ ವರ್ಷ ಫೆಬ್ರವರಿಯಲ್ಲಿ ಒಂದು ಅಡಿ ಚೌಕದ 12 ಪ್ಲೈವುಡ್ ತುಂಡು ಕೊಯ್ಯಿಸಿದೆ. ಎಲ್ಲದಕ್ಕೂ ಒಂದೇ ಥರದ ಖಾದಿ ಬಟ್ಟೆ ಬಿಗಿದೆ. ಬಟ್ಟೆ ತಂದಿದ್ದು ಹುಬ್ಬಳ್ಳಿಯ ಬೆಂಗೇರಿಯಿಂದ, ರಾಷ್ಟ್ರಧ್ವಜ ತಯಾರಿಸುವ ಖಾದಿ ಸಂಘ ಇರುವ ಜಾಗದಿಂದ. ಕೈಮಗ್ಗದ ಬಟ್ಟೆಯ ಮೈ ಸ್ವಲ್ಪ ಒರಟು, ಮಣ್ಣು ಹಿಡಿಯಲು ಒಳ್ಳೆಯದು. ಮಣ್ಣು ಅದೇ, ಬಟ್ಟೆ ಅದೇ, ಬದಲಾಗುವುದು ಅಂಟು ಮಾತ್ರ. ಬೇಸಿಗೆಯ ಬಿಸಿ, ಆಮೇಲೆ ಮಳೆಗಾಲದ ಥಂಡಿ, ಎರಡನ್ನೂ ದಾಟಿದ ಮೇಲೆ ನಿರ್ಧಾರ ಅಂತ ಅಂದುಕೊಂಡೆ.

ಅಂಟಿಗಿಂತ ಮೊದಲು ಮಣ್ಣಿನ ಬಗ್ಗೆ ಹೇಳಬೇಕು. ನವಲಗುಂದ, ಅಣ್ಣಿಗೇರಿ, ನರಗುಂದ, ಗದಗ ಕಡೆ ಬೇಸಿಗೆಯಲ್ಲಿ ಹೊಲ ನೋಡಿದವರಿಗೆ ಗೊತ್ತು, ಕೈ ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ. ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎನ್ನುವ ಜೇಡಿ ಖನಿಜ ಜಾಸ್ತಿ. ಅದರ ಪದರಗಳ ನಡುವೆ ನೀರು ಹೊಕ್ಕರೆ ಉಬ್ಬುತ್ತದೆ, ನೀರು ಹೋದರೆ ಕುಗ್ಗುತ್ತದೆ. ಹೊಲದಲ್ಲಿ ಆಗುವುದೇ ಕ್ಯಾನ್ವಾಸಿನ ಮೇಲೂ ಆಗುತ್ತದೆ. ಬರೀ ನೀರಲ್ಲಿ ಕಲಸಿದ ಮಣ್ಣಿನ 10 ಸೆಂ.ಮೀ. ಉದ್ದದ ಪಟ್ಟಿ ಮಾಡಿ ಎಣ್ಣೆ ಸವರಿದ ತಗಡಿನ ಮೇಲೆ ಒಣಗಿಸಿದೆ. ಒಣಗಿದ ಮೇಲೆ ಅಳೆದರೆ ಎಂಟೂವರೆ ಸೆಂ.ಮೀ. ಅಷ್ಟು ಎಳೆದುಕೊಳ್ಳುವ ಮಣ್ಣನ್ನು ಹಿಗ್ಗದ, ಕುಗ್ಗದ ಹಲಗೆಗೆ ಅಂಟಿಸಿದರೆ ಎಲ್ಲೋ ಒಂದು ಕಡೆ ಹರಿಯಲೇಬೇಕು, ಅಲ್ವಾ? ನಮ್ಮ ಧಾರವಾಡದಿಂದ ಕಲಘಟಗಿ ಕಡೆಗೆ ಹೋದರೆ ಸಿಗುವ ಕೆಂಪು ಮಸಾರಿ ಮಣ್ಣಿಗೆ ಈ ಕಾಟ ಕಡಿಮೆ. ಅದೇ ಪಟ್ಟಿ ಮಸಾರಿಯಲ್ಲಿ ಮಾಡಿದಾಗ ಕುಗ್ಗಿದ್ದು ಕಣ್ಣಿಗೆ ಕಾಣದಷ್ಟು.

ಮೊದಲ ಅಂಟು ಬಡಗಿಗಳು ಬಳಸುವ ಬಿಳಿ ಅಂಟು, ಅಂದರೆ ಪಿವಿಎ. ಕಲೆ ಮಾಡುವವರೆಲ್ಲ ಮೊದಲು ಕೈ ಹಾಕುವುದು ಇದಕ್ಕೇ. ಎರಡು ಪಾಲು ಮಣ್ಣಿಗೆ ಒಂದು ಪಾಲು ಅಂಟು ಹಾಕಿದೆ. ಹಿಡಿತ ಗಟ್ಟಿ, ಅದರಲ್ಲಿ ಎರಡು ಮಾತಿಲ್ಲ. ಉಗುರಿನಿಂದ ಕೆರೆದರೂ ಏಳಲಿಲ್ಲ. ಆದರೆ ಒಣಗಿದ ಮೇಲೆ ಮಣ್ಣು ಮಣ್ಣಿನ ಹಾಗೆ ಕಾಣಲಿಲ್ಲ. ಮೇಲೊಂದು ಹೊಳಪು ಬಂತು, ರಬ್ಬರ್ ಚಾಪೆಯ ಹಾಗೆ. ಎರೆ ಮಣ್ಣಿನ ಚೆಲುವೇ ಅದರ ಮಂಕು ಕಪ್ಪು, ಬೆಳಕನ್ನು ನುಂಗುವ ಗುಣ. ಅದೇ ಹೋಯಿತು. ಏಪ್ರಿಲ್‌ನಲ್ಲಿ ಇನ್ನೊಂದು ತೊಂದರೆ ಕಂಡಿತು. ಎರಡು ಹಲಗೆಗಳನ್ನು ಮುಖಕ್ಕೆ ಮುಖ ಇಟ್ಟಿದ್ದೆ. ತೆಗೆಯಲು ಹೋದರೆ ಒಂದಕ್ಕೊಂದು ಹತ್ತಿಕೊಂಡಿದ್ದವು. ಪಿವಿಎ ನಮ್ಮ ಬೇಸಿಗೆಯ ಬಿಸಿಗೇ ಮೆತ್ತಗಾಗುವ ಪ್ಲಾಸ್ಟಿಕ್. ಮೆತ್ತಗಾದಾಗ ಗಾಳಿಯ ದೂಳನ್ನೂ ಹಿಡಿದುಕೊಳ್ಳುತ್ತದೆ. ಹುಬ್ಬಳ್ಳಿಯ ದೂಳು ಎಷ್ಟು ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಎರಡನೆಯದು ಜಾಲಿ ಮರದ ಅಂಟು. ಗಟ್ಟಿ ಹರಳುಗಳನ್ನು ಕುಟ್ಟಿ, ರಾತ್ರಿ ನೆನೆಸಿ, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿದೆ. ಮಣ್ಣಿಗೆ ಕಲಸಿದಾಗ ಬಂದ ಬಣ್ಣ ನೋಡಿ ತುಂಬಾ ಖುಷಿಯಾಯಿತು. ಮಳೆ ಬಿದ್ದು ಹದ ಬಂದ ಹೊಲದ ಬಣ್ಣ. ಆದರೆ ಈ ಅಂಟು ಒಣಗಿದರೆ ಗಾಜಿನ ಹಾಗೆ, ಬಾಗುವುದಿಲ್ಲ. ಮಣ್ಣು ಕುಗ್ಗಿದಾಗ ಇದೂ ಜೊತೆಗೇ ಒಡೆಯಿತು. ಎರಡು ಮಿಲಿಮೀಟರ್ ದಪ್ಪ ಹಚ್ಚಿದ ಹಲಗೆ 10 ದಿನಕ್ಕೆ ಉದುರಿತು. ತೆಳ್ಳಗೆ ಹಚ್ಚಿದ್ದು ನಿಂತಿತು, ಆದರೆ ಒದ್ದೆ ಬೆರಳು ತಾಗಿದರೆ ಕರಗಿ ಬರುತ್ತದೆ. ಆದರೂ ಇದನ್ನು ಬಿಟ್ಟಿಲ್ಲ. ಸಣ್ಣ ಬ್ರಷ್ಷಿನಿಂದ ಗೆರೆ ಎಳೆಯಲು, ಮಣ್ಣಿನಿಂದಲೇ ಅಕ್ಷರ ಬರೆಯಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಬ್ರಷ್ಷಿನ ತುದಿಯಿಂದ ಶಾಯಿಯ ಹಾಗೆ ಹರಿಯುತ್ತದೆ.

ಮೈದಾ ಹಿಟ್ಟಿನ ಅಂಟನ್ನೂ ನೋಡಿದೆ. ಜಿರಳೆ ತಿಂದವು. ಅದಕ್ಕೆ ಮೈಲುತುತ್ತ ಹಾಕುವ ರೂಢಿ ಇದೆ, ಆದರೆ ಅದು ವಿಷ. ಮನೆಯಲ್ಲಿ ಸಣ್ಣ ಹುಡುಗರು ಇದ್ದಾರೆ, ಹಾಗಾಗಿ ಅಲ್ಲಿಗೇ ಬಿಟ್ಟೆ.

ಇನ್ನು ಹುಣಸೆ ಬೀಜ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಏಕೆಂದರೆ ಆರು ತಿಂಗಳು ಇದರ ಜೊತೆಗೇ ಕಳೆದಿದ್ದೇನೆ. ಗದಗದಿಂದ ಆಚೆ ಕೊಪ್ಪಳದ ಕಿನ್ನಾಳದಲ್ಲಿ ಮರದ ಗೊಂಬೆ ಮಾಡುವವರು ಹುಣಸೆ ಬೀಜದ ಅಂಟನ್ನು ತಲೆಮಾರುಗಳಿಂದ ಬಳಸುತ್ತಿದ್ದಾರೆ. ಗೋಣಿ ತಟ್ಟಿನ ಚೂರು ಸೇರಿಸಿ ಕಿಟ್ಟ ಅಂತ ಮಾಡಿ, ಮರದ ಮೇಲೆ ಮೈ ಬರಿಸುತ್ತಾರೆ. ಒಡಿಶಾದ ಪಟಚಿತ್ರದವರೂ ಬಟ್ಟೆಗೆ ಇದೇ ಅಂಟಿನಲ್ಲಿ ಸೀಮೆಸುಣ್ಣದ ಪುಡಿ ಕಲಸಿ ಹಚ್ಚುತ್ತಾರೆ. ಇಷ್ಟು ಜನ ಇಷ್ಟು ಕಾಲ ನಂಬಿದ್ದು ಎರೆ ಮಣ್ಣಿಗೂ ಆದೀತು ಅನ್ನಿಸಿತು.

ಮಾಡುವ ಕೆಲಸ ಮಾತ್ರ ಸಣ್ಣದಲ್ಲ. ಬೀಜವನ್ನು ಬಾಣಲೆಯಲ್ಲಿ ಮರಳಿನ ಜೊತೆ ಹುರಿಯಬೇಕು. ಕಂದು ಸಿಪ್ಪೆ ಬಿರಿದ ಮೇಲೆ ಒರಳಲ್ಲಿ ಮೆಲ್ಲಗೆ ಕುಟ್ಟಿ ಬಿಡಿಸಬೇಕು. ಒಳಗಿನ ಬಿಳಿ ಬೇಳೆಯನ್ನು ಒಂದೂವರೆ ದಿನ ನೆನೆಸಿ, ನುಣ್ಣಗೆ ರುಬ್ಬಿ, ಎಂಟು ಪಟ್ಟು ನೀರಿನಲ್ಲಿ ಸಣ್ಣ ಉರಿಯ ಮೇಲೆ ಕೈ ಬಿಡದೆ ತಿರುವಬೇಕು. ಗಂಜಿಯ ಹಾಗೆ ಇದ್ದದ್ದು ಇದ್ದಕ್ಕಿದ್ದಂತೆ ಲೋಳೆಯಾಗಿ, ಹೊಳೆಯುತ್ತಾ ಚಮಚದಿಂದ ದಾರದ ಹಾಗೆ ಇಳಿಯುತ್ತದೆ. ಅದೇ ಹದ. ಕಾಲು ಕಿಲೋ ಬೀಜದಿಂದ ಒಂದು ದೊಡ್ಡ ಡಬ್ಬಿ ಅಂಟಾಯಿತು. ಅಂಗಡಿಯ ಅಂಟಿನ ಖರ್ಚಿಗೆ ಇದು ಲೆಕ್ಕಕ್ಕೇ ಇಲ್ಲ, ಆದರೆ ಒಂದು ದಿನ ಪೂರ್ತಿ ಹೋಗುತ್ತದೆ.

ಮೊದಲ ಹಲಗೆಯಲ್ಲಿ ಇದೂ ಬಿರುಕು ಬಿಟ್ಟಿತು. ಆದರೆ ಬಿರುಕಿನ ಅಂಚು ಏಳಲಿಲ್ಲ, ಬಟ್ಟೆಗೆ ಕಚ್ಚಿಕೊಂಡೇ ಇತ್ತು. ಅಂದರೆ ಅಂಟು ಸೋತಿಲ್ಲ, ಮಣ್ಣನ್ನು ತಡೆಯುವುದು ಏನೋ ಬೇಕಾಗಿದೆ ಅಷ್ಟೇ. ಏನು ಅಂತ ಹೇಳಿಕೊಟ್ಟಿದ್ದು ನಮ್ಮ ಓಣಿಯ ಒಬ್ಬ ಆಯಿ. ಹಲಗೆಗಳನ್ನು ಕಟ್ಟೆಯ ಮೇಲೆ ಒಣಗಲು ಇಟ್ಟಿದ್ದೆ. ಅವರು ಬಂದು ಬಿರುಕಿನ ಮೇಲೆ ಬೆರಳಾಡಿಸಿ ಅಂದರು: "ತಂಗೀ, ಮಣ್ಣೆತ್ತಿನ ಅಮಾಸಿಗೆ ನಾವು ಎತ್ತು ಮಾಡೂದು ನೋಡಿಲ್ಲೇನು? ಬರೇ ಎರಿ ಮಣ್ಣಾಗ ಮಾಡಿದ್ರ ಕೋಡು ಮುರದ ಹೊಕ್ಕಾವು. ಅರಳಿ ಹಿಂಜಿ ಹಾಕಿ ನಾದು."

ಚಿಕ್ಕವಳಿದ್ದಾಗ ನಾನೂ ಜೋಡೆತ್ತು ಮಾಡಿದ್ದೆ. ಆಷಾಢದಲ್ಲಿ ಪೂಜೆಗೆ ಇಡುವ ಮಣ್ಣಿನ ಗುಳ್ಳವ್ವನನ್ನೂ ಮಾಡಿದ್ದೆ. ಅರಳೆ ಹಾಕುವುದನ್ನು ಕಣ್ಣಾರೆ ಕಂಡಿದ್ದೆ, ಆದರೆ ಅದು ಏಕೆ ಅಂತ ಒಂದು ದಿನವೂ ಕೇಳಿರಲಿಲ್ಲ. ನಾರು ಮಣ್ಣನ್ನು ಎಲ್ಲ ದಿಕ್ಕಿನಲ್ಲೂ ಹಿಡಿದಿಡುತ್ತದೆ. ಎಳೆತ ಒಂದೇ ಕಡೆ ಕೂಡಿ ದೊಡ್ಡ ಬಿರುಕಾಗುವ ಬದಲು ಸಣ್ಣಗೆ ಹಂಚಿಹೋಗುತ್ತದೆ. ನಮ್ಮ ಹಳೆ ಮನೆಗಳ ಗೋಡೆಯ ಮಣ್ಣಿಗೆ ಹೊಟ್ಟು ಕಲಸುತ್ತಿದ್ದದ್ದೂ ಇದಕ್ಕೇ.

ಎರಡನೇ ಸುತ್ತಿನಲ್ಲಿ ಮೂರು ಪಾಲು ಜರಡಿ ಹಿಡಿದ ಎರೆ ಮಣ್ಣಿಗೆ ಒಂದು ಪಾಲು ಸಣ್ಣ ಮರಳು, ಹಿಂಜಿದ ಅರಳೆ ಒಂದು ಹಿಡಿ, ಕಲಸಲು ಬೇಕಾದಷ್ಟು ಹುಣಸೆ ಬೀಜದ ಅಂಟು ಹಾಕಿದೆ. ಒಮ್ಮೆಗೇ ದಪ್ಪ ಹಚ್ಚದೆ ತೆಳ್ಳಗೆ ಮೂರು ಸಲ ಹಚ್ಚಿದೆ. ಒಂದು ಪದರ ಪೂರ್ತಿ ಒಣಗಿದ ಮೇಲೆ ಇನ್ನೊಂದು. ಬಿಸಿಲಿಗೆ ಇಡಲಿಲ್ಲ, ನೆರಳಿನಲ್ಲಿ ಒಣಗಿಸಿದೆ. ಮಣ್ಣು ನಿಂತಿತು. ಕೂದಲೆಳೆಯಂಥ ಗೆರೆಗಳು ಬಂದವು, ಅವು ಚಿತ್ರಕ್ಕೆ ಚೆನ್ನಾಗಿಯೇ ಒಪ್ಪುತ್ತವೆ. ಹಲಗೆಯನ್ನು ಮೇಜಿನ ಎತ್ತರದಿಂದ ಬೀಳಿಸಿ ನೋಡಿದೆ. ಮೂಲೆಯಲ್ಲಿ ಕಡಲೆಕಾಳಿನಷ್ಟು ಉದುರಿತು, ಬೇರೆಲ್ಲೂ ಇಲ್ಲ.

ಮಳೆಗಾಲದಲ್ಲಿ ಇದಕ್ಕೂ ಒಂದು ಪೆಟ್ಟು ಬಿತ್ತು. ಜುಲೈನಲ್ಲಿ ಒಂದು ವಾರ ಜಿಟಿಜಿಟಿ ಮಳೆ ಬಿಡಲೇ ಇಲ್ಲ. ಎರಡು ಹಲಗೆಯ ಮೇಲೆ ಬೂದುಬಣ್ಣದ ಬೂಷ್ಟು ಬಂತು. ಬೀಜದ ಅಂಟು ತಿನ್ನುವ ಪದಾರ್ಥವೇ ತಾನೇ, ಬೂಷ್ಟಿಗೂ ಅದು ಊಟ. ಲವಂಗದ ಎಣ್ಣೆ ನಾಲ್ಕು ಹನಿ ಸೇರಿಸಿದ್ದ ಮೂರನೇ ಹಲಗೆಗೆ ಮಾತ್ರ ಏನೂ ಆಗಲಿಲ್ಲ. ಹಾಗಾಗಿ ಈಗ ಅಂಟು ಒಲೆಯಿಂದ ಇಳಿಸಿ ಉಗುರುಬೆಚ್ಚಗೆ ಆದಾಗ ಲವಂಗದ ಎಣ್ಣೆ ಹಾಕುವುದನ್ನು ತಪ್ಪಿಸುವುದಿಲ್ಲ. ಗೋಡೆಗೆ ತೂಗುಹಾಕುವಾಗ ಹಿಂದೆ ಗಾಳಿ ಆಡಲು ಬೆರಳಷ್ಟು ಜಾಗ ಬಿಡುತ್ತೇನೆ.

ಕೆಂಪಿನ ವಿಷಯದಲ್ಲಿ ಸ್ಪರ್ಧೆ ಬೇಗ ಮುಗಿಯಿತು. ಒಂದು ಕಡೆ ಬ್ಯಾಡಗಿ ಮೆಣಸಿನಕಾಯಿ, ಇನ್ನೊಂದು ಕಡೆ ಮಸಾರಿ ಮಣ್ಣು. ಹಾವೇರಿ ಜಿಲ್ಲೆಯ ಈ ಕಾಯಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. ಆ ಬಣ್ಣಕ್ಕೇ ಅದು ಹೆಸರುವಾಸಿ, 2011ರಲ್ಲಿ ಭೌಗೋಳಿಕ ಗುರುತೂ ಸಿಕ್ಕಿದೆ. ಬ್ಯಾಡಗಿಯಲ್ಲೇ ಒಂದು ಬಗೆಯಾದ ಡಬ್ಬಿ ಕಾಯಿಯ ಪುಡಿಯನ್ನು ನೀರಿನ ಅಂಟಿನಲ್ಲಿ ಕಲಸಿದರೆ ಮಂಕು ಇಟ್ಟಿಗೆ ಬಣ್ಣ ಬಂತು. ಬೆಚ್ಚಗಿನ ಅಗಸೆ ಎಣ್ಣೆಯಲ್ಲಿ ನೆನೆಸಿದಾಗ ಮಾತ್ರ ಉರಿಯುವ ಕೆಂಪು ಇಳಿಯಿತು, ಏಕೆಂದರೆ ಅದರ ಬಣ್ಣ ಕರಗುವುದು ಎಣ್ಣೆಯಲ್ಲಿ, ನೀರಿನಲ್ಲಲ್ಲ. ಎರಡೂ ಬಣ್ಣದ ಪಟ್ಟಿಗಳಿಗೆ ಅರ್ಧ ಭಾಗ ಕಪ್ಪು ಕಾಗದ ಮುಚ್ಚಿ ಕಿಟಕಿಯಲ್ಲಿ 40 ದಿನ ಇಟ್ಟೆ. ಕಾಗದ ತೆಗೆದಾಗ ಮೆಣಸಿನಕಾಯಿಯ ತೆರೆದ ಭಾಗ ಒಣ ಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಮಸಾರಿಯ ಪಟ್ಟಿಯಲ್ಲಿ ಎಲ್ಲಿ ಮುಚ್ಚಿದ್ದೆ ಅಂತ ಹುಡುಕಬೇಕಾಯಿತು. ಅದರ ಕೆಂಪು ಕಬ್ಬಿಣದ ಆಕ್ಸೈಡಿನದು. ಬಿಸಿಲು ಅದಕ್ಕೆ ಏನೂ ಮಾಡುವುದಿಲ್ಲ. ಮೆಣಸಿನಕಾಯಿಯ ಬಣ್ಣ ನನಗೆ ಎಷ್ಟೇ ಇಷ್ಟವಾದರೂ ದುಡ್ಡು ಕೊಟ್ಟು ಒಯ್ಯುವವರ ಚಿತ್ರದಲ್ಲಿ ಅದನ್ನು ಹಾಕಲಾರೆ. ಇಡೀ ಕಾಯಿಯನ್ನೇ, ತೊಟ್ಟಿನ ಸಮೇತ, ಚಿತ್ರಕ್ಕೆ ಹೊಲಿಯುವುದು ಬೇರೆ ಮಾತು. ಬಣ್ಣ ಹೋದರೂ ಅದರ ಸುಕ್ಕು ಉಳಿಯುತ್ತದೆ.

ಹೊಲಿಯುವುದು ಅಂದೆನಲ್ಲ. ಬಟ್ಟೆಯ ತುಂಡುಗಳನ್ನು ಚಿತ್ರಕ್ಕೆ ಕೂಡಿಸಲು ಅಂಟು ಒಳ್ಳೆಯದೋ ಹೊಲಿಗೆಯೋ ಅನ್ನುವುದು ಕೊನೆಯ ಪ್ರಯೋಗ. ಇದಕ್ಕೆ ಗೋಣಿ ತಟ್ಟು ತೆಗೆದುಕೊಂಡೆ, ಅಮರಗೋಳದ ಎಪಿಎಂಸಿಯಲ್ಲಿ ಹಳೆಯದು ಸಿಗುತ್ತದೆ. ಇಟಲಿಯ ಆಲ್ಬರ್ಟೊ ಬುರ್ರಿ ನನಗೆ ನೆನಪಾಗುತ್ತಾರೆ. ವೈದ್ಯರಾಗಿದ್ದವರು. ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕು ಅಮೆರಿಕದ ಟೆಕ್ಸಾಸಿನ ಶಿಬಿರದಲ್ಲಿದ್ದಾಗ ಚಿತ್ರ ಬರೆಯಲು ಶುರುಮಾಡಿದರು. 1950ರ ದಶಕದಲ್ಲಿ ಹರಿದ ಗೋಣಿಗಳನ್ನು ಹೊಲಿದು, ತೇಪೆ ಹಾಕಿ, ಅದನ್ನೇ ಚಿತ್ರವೆಂದು ತೂಗುಹಾಕಿದರು. ಆ ಹೊಲಿಗೆಗಳ ಫೋಟೋ ಮೊದಲ ಸಲ ನೋಡಿದಾಗ ನನಗೆ ಕಂಡದ್ದು ಹಳೆ ಬಟ್ಟೆಗಳನ್ನು ಕೂಡಿಸಿ ಹೊಲಿದ ನಮ್ಮನೆಯ ಕೌದಿ.

ತಟ್ಟಿನ ಮೇಲೆ ಹಳೆ ಸೀರೆಯ ತುಂಡುಗಳನ್ನು ಒಂದು ಹಲಗೆಯಲ್ಲಿ ಬಿಳಿ ಅಂಟಿನಿಂದ, ಒಂದರಲ್ಲಿ ಹುಣಸೆ ಬೀಜದ ಅಂಟಿನಿಂದ, ಇನ್ನೊಂದರಲ್ಲಿ ದಬ್ಬಣ ಮತ್ತು ದಪ್ಪ ದಾರದಿಂದ ಕೂಡಿಸಿದೆ. ಬಿಳಿ ಅಂಟು ಬಟ್ಟೆಯ ಮೇಲಕ್ಕೆ ಒಸರಿ ಕಲೆ ಮಾಡಿತು. ಹುಣಸೆಯದು ಚೊಕ್ಕಟ, ಆದರೆ ಬಟ್ಟೆ ರಟ್ಟಿನ ಹಾಗೆ ಬಿರುಸಾಯಿತು. ಹೊಲಿದದ್ದು ಮಾತ್ರ ಬಟ್ಟೆಯಾಗಿಯೇ ಉಳಿಯಿತು. ತಟ್ಟು ಥಂಡಿಗೆ ಹಿಗ್ಗಿದಾಗ ಅದರ ಜೊತೆಗೇ ಹಿಗ್ಗಿತು, ಒಣಗಿದಾಗ ಕುಗ್ಗಿತು. ಕೌದಿಯ ಸಾಲು ಹೊಲಿಗೆ ಒಂದು ಅಡಿ ಚೌಕಕ್ಕೆ ಐದು ತಾಸು ಹಿಡಿಯಿತು. ಅಂಟಿಗೆ 10 ನಿಮಿಷ ಸಾಕಾಗಿತ್ತು. ಆ ಐದು ತಾಸಿನ ಕೆಲಸ ಚಿತ್ರದಲ್ಲಿ ಕಾಣುತ್ತದೆ. ಎರೆ ಮಣ್ಣಿನ ಕರಿ ಮೈಮೇಲೆ ಬಿಳಿ ದಾರದ ಸಾಲು ಹೋಗುವಾಗ ಕೂರಿಗೆಯ ಸಾಲು ಗೀರುವ ಅಗತ್ಯವೇ ಉಳಿಯಲಿಲ್ಲ.

ಆ 12 ಹಲಗೆಗಳಲ್ಲಿ ಏಳು ಈಗಲೂ ಕೋಣೆಯ ಗೋಡೆಗೆ ಇವೆ. ಹಿಂದೆ ತಾರೀಕು, ಪಾಲು, ಯಾವ ಮಣ್ಣು ಅಂತ ಬರೆದಿದ್ದೇನೆ. ಇನ್ನೊಂದು ಮಳೆಗಾಲ ನೋಡುವುದಿದೆ. ಅರಳೆಯ ಬದಲು ಜೋಳದ ಹೊಟ್ಟು ಹಾಕಿದರೆ ಹೇಗೆ ಅಂತ ಈಗ ಎರಡು ಹೊಸ ತುಂಡು ಬಿಗಿದಿಟ್ಟಿದ್ದೇನೆ. ಅಂದು ಚಿತ್ರ ಕೇಳಿದವರಿಗೆ ಮೊನ್ನೆ ಮತ್ತೆ ಫೋನ್ ಮಾಡಿದೆ. ಅವರು ಬಂದು, ಹೊಲಿದ ಸಾಲುಗಳ ಹಲಗೆಯ ಮುಂದೆ ಬಹಳ ಹೊತ್ತು ನಿಂತು, ಇದೇ ಥರದ್ದು ಮೂರು ಅಡಿಯದು ಬೇಕು ಎಂದಿದ್ದಾರೆ. ಹುಣಸೆ ಬೀಜ ನೆನೆಹಾಕಿದ್ದೇನೆ.